ಊರೋ, ಬೆಂಗಳೂರೋ? ಜುಲೈ ತಿಂಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಇಪ್ಪತ್ತೈದು ದಾಟಿತು ಅಂದರೆ ಒಂದು ಮಾತು ಶುರುವಾಗುತ್ತದೆ. ಬೆಂಗಳೂರಲ್ಲೇ ಇರ್ತೀಯೋ, ಊರಿಗೆ ಬರ್ತೀಯೋ? ಅಪ್ಪ ಬಾಯಿಬಿಟ್ಟು ಕೇಳುವುದಿಲ್ಲ. ಅಮ್ಮ ಫೋನಿನಲ್ಲಿ ಸುತ್ತಿಬಳಸಿ ಕೇಳುತ್ತಾಳೆ. ಮಗ "ನೋಡೋಣ" ಅನ್ನುತ್ತಾನೆ. ಹಾಗೆ ನೋಡೋಣ ಅನ್ನುತ್ತಲೇ ಐದಾರು ವರ್ಷ ಹೋಗುತ್ತದೆ. ಅಷ್ಟರಲ್ಲಿ ಅಪ್ಪನಿಗೆ ಮಂಡಿನೋವು, ಈ ಕಡೆ ಫ್ಲ್ಯಾಟಿನ ಸಾಲ, ಅಡಿಕೆ ತೋಟದಲ್ಲಿ ಸತ್ತ ಮರದ ಜಾಗಕ್ಕೆ ಸಸಿ ಇಟ್ಟವರಿಲ್ಲ. ಯಾರೂ ನಿರ್ಧಾರ ಮಾಡಲಿಲ್ಲ, ಆದರೂ ನಿರ್ಧಾರ ಆಗಿಹೋಯಿತು.

ಈ ಹೋಲಿಕೆ ಹಾಗೆ "ನೋಡೋಣ" ಅನ್ನುತ್ತಿರುವವರಿಗೆ. ದಾರಿ ನಾಲ್ಕಿವೆ: ಪೂರ್ತಿ ಊರಿಗೆ ಬಂದು ತೋಟ ಮಾಡುವುದು, ಬೆಂಗಳೂರಲ್ಲೇ ನೆಲೆಸುವುದು, ಊರಲ್ಲಿ ಕೂತು ಕಂಪನಿ ಕೆಲಸ ಮಾಡುವುದು, ಜಿಲ್ಲೆಯೊಳಗೇ ಕೆಲಸ ಹಿಡಿಯುವುದು. ಕೆಲಸ, ಮದುವೆ, ಅಪ್ಪ ಅಮ್ಮನ ವಯಸ್ಸು, ಮೂರೂ ಇದರಲ್ಲಿ ಸೇರಿಕೊಂಡಿವೆ. ಬರೀ ಸಂಬಳ ಮತ್ತು ಖರ್ಚಿನ ಲೆಕ್ಕ ಹಾಕಿದರೆ ಸಾಲದು. ನನ್ನ ಅಭಿಪ್ರಾಯ ಏನು ಅಂತಲೂ ಅಲ್ಲಲ್ಲಿ ನೇರವಾಗಿ ಹೇಳುತ್ತೇನೆ.

ಯಾವ ತಿಂಗಳಲ್ಲಿ ಯೋಚಿಸುತ್ತಿದ್ದೀರಿ?

ಊರಿಗೆ ಬಂದುಬಿಡಬೇಕು ಅಂತ ಹೆಚ್ಚಿನವರಿಗೆ ಅನಿಸುವುದು ಜನವರಿಯಲ್ಲಿ. ಬೆಳಗಿನ ಚಳಿ, ಅಂಗಳದ ತುಂಬಾ ಅಡಿಕೆ, ಆಲೆಮನೆಯ ಬಿಸಿ ಬೆಲ್ಲ, ರಾತ್ರಿ ಎಲ್ಲೋ ಯಕ್ಷಗಾನ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಮುಗಿಸಿ ರಾತ್ರಿ ಬಸ್ಸು ಹತ್ತುವಾಗ ಹೊಟ್ಟೆಯಲ್ಲಿ ಸಂಕಟ ಆಗದವರು ಕಡಿಮೆ. ಆ ಸಂಕಟ ಸುಳ್ಳಲ್ಲ. ಆದರೆ ಅದನ್ನೇ ನಂಬಿ ರಾಜೀನಾಮೆ ಬರೆಯಬೇಡಿ.

ಊರು ಸಾಕು ಅನಿಸುವುದು ಜುಲೈಯಲ್ಲಿ. ಕರೆಂಟಿಲ್ಲ, ಬಟ್ಟೆ ಒಣಗುವುದಿಲ್ಲ, ಅಂಗಳಕ್ಕೆ ಇಳಿದರೆ ಉಂಬಳ (ಜಿಗಣೆ). ಆಗ ಮಾಡುವ ತೀರ್ಮಾನವೂ ಅಷ್ಟಕ್ಕಷ್ಟೇ. ಹೋಲಿಸುವಾಗ ಊರಿನ ಜನವರಿಯ ಪಕ್ಕ ಬೆಂಗಳೂರಿನ ಟ್ರಾಫಿಕ್ಕು ಇಡಬಾರದು. ಜುಲೈಗೆ ಜುಲೈ ಇಡಬೇಕು. ಹಬ್ಬ ಇಲ್ಲದ, ನೆಂಟರಿಲ್ಲದ, ಒಂದು ಮಾಮೂಲಿ ಮಂಗಳವಾರಕ್ಕೆ ಅಂಥದ್ದೇ ಇನ್ನೊಂದು ಮಂಗಳವಾರ.

ಊರಿನ ಅಂಥ ದಿನ ಹೀಗಿರುತ್ತದೆ. ಎದ್ದ ಕೂಡಲೇ ಆಕಾಶ ನೋಡಬೇಕು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಎರಡನೇ ಸುತ್ತು ಬಾಕಿ ಇದೆ. ಮೊದಲನೆಯದು ಮಳೆ ಹಿಡಿಯುವ ಮೊದಲೇ ಆಗಿದೆ, ಇದು 40-45 ದಿನಕ್ಕೆ ಆಗಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುತ್ತೇನೆ ಅಂದಿದ್ದಾನೆ, ಮಳೆ ಹೊಳವಾದರೆ, ಅಂದರೆ ಸ್ವಲ್ಪ ಬಿಡುವು ಕೊಟ್ಟರೆ. 1 ಕಿಲೋ ಮೈಲುತುತ್ತ ಒಂದು ಕಡೆ ಕರಗಿಸಬೇಕು, 1 ಕಿಲೋ ಸುಣ್ಣ ಇನ್ನೊಂದು ಕಡೆ, ಎರಡೂ ಸೇರಿ 100 ಲೀಟರ್ ಬೋರ್ಡೋ ದ್ರಾವಣ. ಹದ ನೋಡಲು ಚಾಕುವಿನ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಮತ್ತೆ ಅದ್ದಿ, ಸರಿಯಾಯಿತು ಅನ್ನುವಷ್ಟರಲ್ಲಿ ಮಳೆ ಸುರಿಯಲು ಶುರು. ಕಲಸಿದ ಔಷಧಿಯನ್ನು ನಾಳೆಗೆ ಅಂತ ಇಡುವ ಹಾಗಿಲ್ಲ. ಕೊನೆಗೌಡ ಚಾ ಕುಡಿದು ಕಾಯುತ್ತಾನೆ, ನೀವೂ ಕಾಯುತ್ತೀರಿ. ಹತ್ತು ಗಂಟೆಗೆ ಒಂದಿಷ್ಟು ಹೊಳ. ಮಧ್ಯಾಹ್ನದವರೆಗೆ ಅರ್ಧ ತೋಟ ಮುಗಿದರೆ ಅದೃಷ್ಟ.

ಬೆಂಗಳೂರಿನ ದಿನ ನಿಮಗೇ ಗೊತ್ತು. ಎಷ್ಟು ಹೊತ್ತು ದಾರಿಯಲ್ಲಿ, ಎಷ್ಟು ಹೊತ್ತು ಮೀಟಿಂಗಿನಲ್ಲಿ, ಮನೆಗೆ ಬಂದಮೇಲೆ ಎಷ್ಟು ಜೀವ ಉಳಿದಿರುತ್ತದೆ, ಬರೆದಿಡಿ. ಹಾಗೆಯೇ ಅಲ್ಲಿ ಏನು ಸಿಗುತ್ತದೆ ಅಂತಲೂ ಬರೆಯಿರಿ. ಯಾರ ಮಗ, ಯಾರ ಮೊಮ್ಮಗಳು ಎಂದು ಯಾರೂ ಕೇಳದ ಸ್ವಾತಂತ್ರ್ಯ, ಹೊಸ ಕೆಲಸ ಕಲಿಯುವ ಖುಷಿ, ತಿಂಗಳ ಕೊನೆಗೆ ತಪ್ಪದೇ ಬರುವ ಹಣ. ಇದನ್ನು ಸಣ್ಣದು ಮಾಡಿ ಮಾತಾಡುವವರನ್ನು ನಾನು ಒಪ್ಪುವುದಿಲ್ಲ.

ಎರಡನ್ನೂ ಬರೆದು ನೋಡಿದ ಮೇಲೆ, ಆ ಕಾಯುವ ದಿನವೂ ನನಗೆ ಸಹ್ಯ ಅನಿಸಿದರೆ ಮಾತ್ರ ಮೊದಲನೇ ದಾರಿಯ ಬಗ್ಗೆ ಮುಂದೆ ಓದಿ.

ಪೂರ್ತಿ ಊರಿಗೆ ಬರುವುದು

ಮೊದಲ ಕೆಲಸ, ಸೊಸೈಟಿಯ ಹಳೇ ಲೆಕ್ಕ ತೆಗೆಸುವುದು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಶುರುವಾದದ್ದು. ಹೀಗೆ ಸಹಕಾರಿ ಸಂಘದ ಮೂಲಕವೇ ಅಡಿಕೆ ಮಾರುವ ರೂಢಿ ಇರುವುದರಿಂದ ನಮ್ಮ ಕಡೆ ಕಾಗದದ ಲೆಕ್ಕ ಸಿಗುತ್ತದೆ. ಒಂದೇ ವರ್ಷದ್ದು ನೋಡಬೇಡಿ. ಐದು ವರ್ಷದ್ದು ನೋಡಿ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಕೆಂಪುಗೋಟು ಎಷ್ಟು, ಸಾಲಕ್ಕೆ ಎಷ್ಟು ಕಡಿತ ಆಗಿದೆ, ಕೈಗೆ ಬಂದದ್ದು ಎಷ್ಟು. ದರ ಏರಿದ ವರ್ಷದ ನೆನಪು ಎಲ್ಲರಿಗೂ ಇರುತ್ತದೆ, ಕೊಳೆಗೆ ಅರ್ಧ ಫಸಲು ಹೋದ ವರ್ಷದ ಹಣ ಎಷ್ಟು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಿಮ್ಮ ಮನೆಯ ಖರ್ಚು ಆ ಐದರಲ್ಲಿ ಅತೀ ಕೆಟ್ಟ ವರ್ಷದ ಹಣದಲ್ಲಿ ನಡೆಯುತ್ತದಾ? ನಡೆಯದಿದ್ದರೆ ಕೊರತೆ ತುಂಬುವುದು ಹೇಗೆ ಎಂದು ಈಗಲೇ ಕಂಡುಕೊಳ್ಳಬೇಕು.

ಹೊಸ ಬೆಳೆಯ ಆಸೆಯ ಬಗ್ಗೆ ಒಂದು ಮಾತು. 2003ರ ಸುಮಾರಿಗೆ ವೆನಿಲ್ಲಾಕ್ಕೆ ಬಂದ ಬೆಲೆ, ರಾತ್ರಿ ಬಳ್ಳಿ ಕಾಯಲು ಕೂತವರು, ಆಮೇಲೆ ಒಂದೆರಡು ವರ್ಷದಲ್ಲೇ ದರ ನೆಲಕಚ್ಚಿದ್ದು, ಇವೆಲ್ಲ ನಿಮ್ಮ ಮನೆಯ ಹಿರಿಯರಿಗೆ ಗೊತ್ತು. ಕೇಳಿ. ಅಡಿಕೆ ಸಸಿ ಇಟ್ಟರೆ ಫಸಲು ನೋಡಲು ಐದಾರು ವರ್ಷ ಬೇಕು. ಜಾಗ ಇದೆ ಎಂದು ವಿಸ್ತರಣೆಗೆ ಇಳಿಯುವ ಮೊದಲು, ಇರುವ ತೋಟದ ಬಸಿಗಾಲುವೆ ಸರಿಮಾಡಿ, ಮರಕ್ಕೆ ಕಾಳುಮೆಣಸು ಹಬ್ಬಿಸಿ, ಬಿಟ್ಟುಹೋದ ಜಾಗಕ್ಕೆ ಸಸಿ ಇಡುವುದು ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ. ಎಲೆಚುಕ್ಕೆ ರೋಗ ಬಂದಮೇಲಂತೂ ಇರುವ ಮರ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿದೆ.

ಇನ್ನು ಕಾಗದಪತ್ರ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆಯಾ? ಚಿಕ್ಕಪ್ಪ, ಅತ್ತೆಯಂದಿರ ಪಾಲು ಆಗಿದೆಯಾ? ಸೊಪ್ಪಿನ ಬೆಟ್ಟ ಎಷ್ಟಿದೆ? ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಇದೆ. ಆದರೆ ಅದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಅದನ್ನು ಸ್ವಂತ ಆಸ್ತಿ ಎಂದು ಲೆಕ್ಕಕ್ಕೆ ಸೇರಿಸಬೇಡಿ. 2005ರ ಕಾನೂನು ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಸ್ಪಷ್ಟ ಮಾಡಿತು. ಹಾಗಾಗಿ ತಂಗಿ ಸುಮ್ನೆ ಸಹಿ ಹಾಕಿಕೊಡುತ್ತಾಳೆ ಎಂಬ ಲೆಕ್ಕ ಬೇಡ. ಅವಳ ಜೊತೆ ಕೂತು ಮಾತಾಡಿ. ಅವಳಿಗೇ ತೋಟ ಮಾಡುವ ಮನಸ್ಸಿರಬಹುದು. ಮನೆಯಲ್ಲಿ ಯಾರಾದರೂ ಅವಳನ್ನು ಇದುವರೆಗೆ ಕೇಳಿದ್ದಾರಾ?

ಇಷ್ಟೆಲ್ಲ ಹೇಳಿದರೂ, ಊರಿಗೆ ಬಂದವರು ಎರಡೇ ವರ್ಷದಲ್ಲಿ ವಾಪಸ್ ಹೋಗಲು ಬರೀ ಅಡಿಕೆ ದರ ಕಾರಣವಲ್ಲ. ಅಪ್ಪ ಯಜಮಾನಿಕೆ ಬಿಡದೇ ಇರುವುದು ಅದಕ್ಕಿಂತ ದೊಡ್ಡ ಕಾರಣ. ಮಗ ಹನಿ ನೀರಾವರಿ ಹಾಕೋಣ ಅನ್ನುತ್ತಾನೆ, ಅಪ್ಪ "ಈ ವರ್ಷ ಬೇಡ" ಅನ್ನುತ್ತಾರೆ. ಮಗ ನೆಲದಲ್ಲೇ ನಿಂತು ದೋಟಿಯಲ್ಲೇ (ಉದ್ದ ಕೋಲಿನಲ್ಲೇ) ಔಷಧಿ ಹೊಡೆಯೋಣ ಅನ್ನುತ್ತಾನೆ, ಅಪ್ಪ ಕೊನೆಗೌಡನಿಗೆ ಮೊದಲೇ ಹೇಳಿಬಿಟ್ಟಿರುತ್ತಾರೆ. ಸೊಸೈಟಿಯ ಖಾತೆ ಅಪ್ಪನ ಹೆಸರಲ್ಲಿ. ಮೂವತ್ತೆರಡು ವರ್ಷದ ಮಗ ಬೈಕಿಗೆ ಪೆಟ್ರೋಲು ಹಾಕಿಸಲು ಅಪ್ಪನನ್ನು ಕೇಳಬೇಕು. ಇದರಲ್ಲಿ ಅಪ್ಪನ ತಪ್ಪೂ ಇಲ್ಲ. ಅವರು ನಲವತ್ತು ವರ್ಷ ಆ ತೋಟ ಉಳಿಸಿಕೊಂಡು ಬಂದವರು. ಆದರೆ ಬರುವ ಮೊದಲೇ ಇದನ್ನು ಬಾಯಿಬಿಟ್ಟು ಮಾತಾಡಬೇಕು. ತೋಟದ ಒಂದು ತುಂಡು ಪೂರ್ತಿ ನನ್ನ ಜವಾಬ್ದಾರಿಗೆ ಕೊಡಿ, ಅದರ ಖರ್ಚು, ಫಸಲು ನನ್ನದು, ಮೂರು ವರ್ಷ ನೋಡೋಣ. ಹೀಗೆ ಕೇಳಿ. ಅಪ್ಪ ಒಪ್ಪದಿದ್ದರೆ ಅದೂ ಒಂದು ಉತ್ತರವೇ, ಮತ್ತು ಅದನ್ನು ರಾಜೀನಾಮೆ ಕೊಡುವ ಮೊದಲು ತಿಳಿದದ್ದು ಒಳ್ಳೆಯದೇ ಆಯಿತು.

ಯಾರಿಗೆ ಒಗ್ಗುತ್ತದೆ? ಕೈಕೆಸರು ಮಾಡಿಕೊಳ್ಳುವುದು ಇಷ್ಟ ಇರುವವರಿಗೆ, ಕಾಯುವ ತಾಳ್ಮೆ ಇರುವವರಿಗೆ, ಆಳುಗಳ ಜೊತೆ ಸರಿಸಮ ಕೂತು ಚಾ ಕುಡಿಯಬಲ್ಲವರಿಗೆ. ಆಫೀಸು ಬೇಸರ ಬಂದಿದೆ ಎಂಬ ಒಂದೇ ಕಾರಣಕ್ಕೆ ಬರುವವರಿಗೆ ಒಗ್ಗುವುದಿಲ್ಲ. ಅವರು ಕಂಪನಿ ಬದಲಿಸಿದರೆ ಸಾಕು.

ಬೆಂಗಳೂರಲ್ಲೇ ನೆಲೆಸುವುದು

ಇದನ್ನು ಮನಸ್ಸಿಟ್ಟು ಆರಿಸಿಕೊಂಡರೆ ಒಳ್ಳೆಯ ದಾರಿ. ಅರೆಮನಸ್ಸಿನಲ್ಲಿ ಉಳಿದರೆ ಮಾತ್ರ ಕಷ್ಟ. ಪ್ರತಿ ಹಬ್ಬಕ್ಕೂ "ಇನ್ನೆರಡು ವರ್ಷ, ಆಮೇಲೆ ಬರ್ತೇನೆ" ಎಂದು ಹೇಳುತ್ತಾ ಇದ್ದರೆ ಮನೆಯವರಿಗೆ ತೋಟದ ಬಗ್ಗೆ ಏನೂ ತೀರ್ಮಾನ ಮಾಡಲಾಗುವುದಿಲ್ಲ. ಬರುವುದಿಲ್ಲ ಅಂತ ತೀರ್ಮಾನಿಸಿದ್ದರೆ ಸ್ಪಷ್ಟವಾಗಿ ಹೇಳಿ. ಆಗ ಫಸಲು ಗುತ್ತಿಗೆ ಕೊಡುವುದೋ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಕೊಡುವುದೋ, ಒಂದು ಭಾಗ ಮಾರುವುದೋ, ಏನಾದರೂ ದಾರಿ ತೆರೆಯುತ್ತದೆ. ಕೇಳಿದ ದಿನ ಅಪ್ಪನಿಗೆ ನೋವಾಗುತ್ತದೆ. ಹತ್ತು ವರ್ಷ ಕಾಯಿಸಿದರೆ ಆಗುವ ನೋವು ಅದಕ್ಕಿಂತ ಜಾಸ್ತಿ.

ಈ ದಾರಿಯಲ್ಲಿ ಲೆಕ್ಕಕ್ಕೆ ಸಿಗದೇ ಉಳಿಯುವುದು ಅಪ್ಪ ಅಮ್ಮನ ಆರೋಗ್ಯ. ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಬೇಡಿಕೆ ಎಷ್ಟು ವರ್ಷದಿಂದ ಇದೆ ಎಂದು ಎಲ್ಲರಿಗೂ ಗೊತ್ತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೂ ಹೃದಯ, ಮಿದುಳಿನ ತೊಂದರೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಓಡುವುದೇ ಇನ್ನೂ ನಡೆದಿದೆ. ಮಳೆಗಾಲದಲ್ಲಿ ಘಟ್ಟದ ದಾರಿ ಯಾವಾಗ ಹೇಗಿರುತ್ತದೆ ಹೇಳಲಾಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದು ನೆನಪಿದೆ ಅಲ್ವಾ. ಹಾಗಾಗಿ ಬೆಂಗಳೂರಲ್ಲಿ ಇರುವುದಾದರೆ, ರಾತ್ರಿ ಎರಡು ಗಂಟೆಗೆ ಕಾರು ತೆಗೆಯಬಲ್ಲ ಒಬ್ಬರು ಊರಲ್ಲಿ ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ. "ಯಾರಾದರೂ ಇರ್ತಾರೆ" ಎಂಬುದು ಉತ್ತರವಲ್ಲ. ಎಷ್ಟೋ ಮನೆಗಳಲ್ಲಿ ಈಗ ಇರುವುದು ಎಪ್ಪತ್ತು ದಾಟಿದವರಿಬ್ಬರೇ.

ಊರಲ್ಲಿ ಕೂತು ಲ್ಯಾಪ್‌ಟಾಪ್

ಕೊರೋನಾ ಕಾಲದಲ್ಲಿ ತುಂಬಾ ಜನ ಇದನ್ನು ಮಾಡಿ ನೋಡಿದರು. ಬೆಟ್ಟದ ತುದಿಗೆ ಹೋಗಿ ನೆಟ್‌ವರ್ಕ್ ಹುಡುಕಿದ್ದು, ಮಾಳ (ಅಟ್ಟಣಿಗೆ) ಕಟ್ಟಿ ಕೂತು ಕೆಲಸ ಮಾಡಿದ್ದು ಎಲ್ಲ ಆಗಿಹೋಗಿದೆ. ಈಗ ಹಲವು ಊರುಗಳಿಗೆ ಫೈಬರ್ ಬಂದಿದೆ. ಇನ್ವರ್ಟರ್ ಇದ್ದರೆ ಕೆಲಸ ಸಾಗುತ್ತದೆ.

ದೂರದಿಂದ ನೋಡಿದರೆ ಎರಡೂ ಕೈಯಲ್ಲಿ ಲಾಡು. ಹತ್ತಿರದಿಂದ ನೋಡಿದರೆ ಒಂದು ತೊಡಕಿದೆ. ಮೀಟಿಂಗ್ ಹನ್ನೊಂದಕ್ಕೆ, ಹೊಳ ಬಂದದ್ದೂ ಹನ್ನೊಂದಕ್ಕೆ. ಮನೆಗೆ ಬಂದ ನೆಂಟರಿಗೆ ನೀವು ಕೋಣೆಯಲ್ಲಿ ಕೂತು ಸಂಬಳ ದುಡಿಯುತ್ತಿದ್ದೀರಿ ಎಂದು ತಿಳಿಯುವುದಿಲ್ಲ, "ಒಂಚೂರು ಪೇಟೆಗೆ ಹೋಗಿ ಬಾರೋ" ಅನ್ನುತ್ತಾರೆ. ಬಡ್ತಿ ಕೊಡುವ ಹೊತ್ತಿಗೆ ಕಣ್ಣೆದುರು ಇರುವವರು ಮೊದಲು ನೆನಪಾಗುತ್ತಾರೆ. ಕಂಪನಿ ಯಾವತ್ತು ಬೇಕಾದರೂ "ಇನ್ನು ಆಫೀಸಿಗೆ ಬನ್ನಿ" ಅನ್ನಬಹುದು.

ನನ್ನ ಮಟ್ಟಿಗೆ ಇದು ನೆಲೆಸುವ ದಾರಿಗಿಂತ ಪರೀಕ್ಷೆ ಮಾಡಿ ನೋಡುವ ದಾರಿ. ಆ ಕೆಲಸಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಂಬಳ ನಿಲ್ಲುವುದಿಲ್ಲ, ಊರಿನ ಮಳೆಗಾಲವನ್ನು ಪೂರ್ತಿ ಉಂಡು ನೋಡಬಹುದು, ಅಪ್ಪನ ಜೊತೆ ಎಷ್ಟು ಹೊಂದಿಕೆಯಾಗುತ್ತದೆ ಎಂದೂ ತಿಳಿಯುತ್ತದೆ. ಆದರೆ ಎಷ್ಟು ದಿನ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಜಿಲ್ಲೆಯೊಳಗಿನ ಕೆಲಸ

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಈ ದಾರಿ ಹೆಚ್ಚು ಪರಿಚಿತ. ಕೈಗಾ ಅಣುಸ್ಥಾವರ ಇದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ ಮತ್ತು ಅದರ ಸುತ್ತಲ ಗುತ್ತಿಗೆ ಕೆಲಸಗಳಿವೆ. ಮಾಜಾಳಿ ದಾಟಿದರೆ ಗೋವಾ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಮಡಗಾಂವ್ ಇನ್ನೂ ಹತ್ತಿರವಾಯಿತು. ಘಟ್ಟದ ಮೇಲೆ ಬ್ಯಾಂಕು, ಸೊಸೈಟಿ, ಶಾಲೆ, ಪಂಚಾಯ್ತಿ. ಸಂಬಳ ಬೆಂಗಳೂರಿನಷ್ಟಿಲ್ಲ, ಆದರೆ ಬಾಡಿಗೆ ಇಲ್ಲ, ಸಂಜೆ ಮನೆ ಇದೆ. ಗುತ್ತಿಗೆ ಕೆಲಸವೋ ಕಾಯಂ ಕೆಲಸವೋ ಎಂಬುದನ್ನು ಮಾತ್ರ ಕಣ್ಣುಬಿಟ್ಟು ನೋಡಿ. ಈ ದಾರಿಯನ್ನು ನಮ್ಮವರು ಸುಮ್ನೆ ಕೀಳಾಗಿ ನೋಡುತ್ತಾರೆ. ನಾಲ್ಕರಲ್ಲಿ ಅತೀ ಕಡಿಮೆ ಜನ ಗಂಭೀರವಾಗಿ ಯೋಚಿಸುವುದು ಇದನ್ನೇ, ಹೆಚ್ಚು ಜನಕ್ಕೆ ಒಗ್ಗಬಹುದಾದದ್ದೂ ಇದೇ.

ಮದುವೆ ಈ ಲೆಕ್ಕದ ಒಳಗಿದೆ

ಊರಲ್ಲಿರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಪ್ರತಿ ಮನೆಯ ಜಗಲಿಯಲ್ಲಿ ಕೇಳುತ್ತದೆ. ಅದರ ಕೊನೆಗೆ "ಈಗಿನ ಹುಡುಗಿಯರಿಗೆ ಪೇಟೆಯೇ ಬೇಕು" ಎಂಬ ಸಾಲು ಇರುತ್ತದೆ. ನನಗೆ ಆ ಸಾಲು ನ್ಯಾಯ ಅನಿಸುವುದಿಲ್ಲ. ಹುಡುಗಿ ಕೂಡ ಜುಲೈಗೆ ಜುಲೈ ಇಟ್ಟೇ ನೋಡುತ್ತಾಳೆ. ಹುಡುಗ ಊರಿಗೆ ಬಂದರೆ ತನ್ನ ಮನೆಗೆ, ತನ್ನ ಅಮ್ಮನ ಅಡುಗೆಗೆ, ತನ್ನ ಹೆಸರಿಗೆ ಬರುವ ತೋಟಕ್ಕೆ ಬರುತ್ತಾನೆ. ಅವಳು ಬರುವುದು ಬೇರೆಯವರ ಅಡುಗೆಮನೆಗೆ, ಓದಿದ್ದನ್ನು ಬದಿಗಿಟ್ಟು, ಕೈಯಲ್ಲಿ ಸ್ವಂತ ಹಣವಿಲ್ಲದೆ. ಇಬ್ಬರದೂ ಒಂದೇ ತೂಕದ ತೀರ್ಮಾನ ಅಲ್ಲವೇ ಅಲ್ಲ.

ಹಾಗಾಗಿ ಊರನ್ನು ಆರಿಸಿಕೊಂಡ ಹುಡುಗ ಹುಡುಗಿ ನೋಡಲು ಹೋಗುವ ಮೊದಲೇ ಕೆಲವಕ್ಕೆ ಉತ್ತರ ಇಟ್ಟುಕೊಳ್ಳಬೇಕು. ಅವಳ ಕೆಲಸ ಮುಂದುವರಿಯಲು ಮನೆಯಲ್ಲಿ ಇಂಟರ್ನೆಟ್ಟೂ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆಯೂ ಇದೆಯಾ? ಅವಳ ಹೆಸರಲ್ಲಿ ಏನು ಇರುತ್ತದೆ, ಸೊಸೈಟಿ ಖಾತೆಯಲ್ಲಿ ಪಾಲಿದೆಯಾ? ಅವಳೇ ಸ್ಕೂಟಿಯೋ ಕಾರೋ ತೆಗೆದುಕೊಂಡು ಹೊರಟರೆ ಯಾರಾದರೂ ಎಲ್ಲಿಗೆ ಅಂತ ತಡೆಯುತ್ತಾರಾ? ಅವಳ ಅಪ್ಪ ಅಮ್ಮನಿಗೆ ಹುಷಾರಿಲ್ಲದಿದ್ದರೆ ಹೋಗಿ ಹದಿನೈದು ದಿನ ಇರಬಹುದಾ?

ಪ್ರೀತಿಸಿ ಮದುವೆಯಾಗುವವರಿಗೂ ಇವೇ ಪ್ರಶ್ನೆ. ಬೆಂಗಳೂರಲ್ಲಿ ಭೇಟಿಯಾಗಿ, ಮದುವೆಯಾಗಿ ನಾಲ್ಕು ವರ್ಷಕ್ಕೆ "ನನಗೆ ಊರಿಗೆ ಹೋಗಬೇಕು" ಎಂದು ಒಬ್ಬರು ಬಾಯಿಬಿಡುವುದು ಸರಿಯಲ್ಲ. ಮನಸ್ಸಿನ ಮೂಲೆಯಲ್ಲಿ ಆ ಆಸೆ ಇದ್ದರೆ ಮೊದಲೇ ಹೇಳಿ. ಒಂದು ಮಳೆಗಾಲದಲ್ಲಿ ಕರೆದುಕೊಂಡು ಬಂದು ಒಂದು ವಾರ ಮನೆಯಲ್ಲಿ ಇರಿಸಿಕೊಳ್ಳಿ. ದೀಪಾವಳಿಗೆ ಕರೆತಂದು ಹೋಳಿಗೆ ಬಡಿಸಿ ಒಪ್ಪಿಸಬೇಡಿ.

ಹುಡುಗಿಯರಿಗೂ ಒಂದು ಮಾತಿದೆ. ತೋಟದ ಮನೆ ಎಂದ ಕೂಡಲೇ ಬೇಡ ಅನ್ನುವುದಕ್ಕಿಂತ, ಆ ಮನೆಯಲ್ಲಿ ಹಣದ ತೀರ್ಮಾನ ಯಾರು ಮಾಡುತ್ತಾರೆ ಎಂದು ಕೇಳಿ. ಆ ಉತ್ತರದಲ್ಲಿ ಬಹುತೇಕ ಎಲ್ಲವೂ ಸಿಗುತ್ತದೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲೂ ಅದನ್ನೇ ಕೇಳಬೇಕು.

ಹಿಂದೆ ಸರಿಯಲು ಆಗುವುದು, ಆಗದೇ ಇರುವುದು

1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಇಂಥದ್ದೇ ಒಂದು ಗೊಂದಲ ಬಂದಿತ್ತು. ಒಬ್ಬ ಶ್ರೀಮಂತನ ಬಳಿ ಹೊಸ ಕೆಲಸ ಒಪ್ಪಿಕೊಳ್ಳಬೇಕಾ, ಬೇಡವಾ ಎಂದು. ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್ ಏನು ಮಾಡು ಎಂದು ಹೇಳಲಿಲ್ಲ, ಹೇಗೆ ಯೋಚಿಸು ಎಂದು ಕಾಗದ ಬರೆದರು. ಹಾಳೆಯ ನಡುವೆ ಗೆರೆ ಎಳೆದು ಪರ ಒಂದು ಕಡೆ, ವಿರೋಧ ಒಂದು ಕಡೆ. ಮೂರು ನಾಲ್ಕು ದಿನ ಹೊಳೆದಂತೆ ಬರೆಯುತ್ತಾ ಹೋಗು. ಆಮೇಲೆ ಎರಡೂ ಕಡೆ ಸಮ ತೂಕ ಇರುವುದನ್ನು ಹೊಡೆದುಹಾಕು. ಉಳಿದದ್ದರಿಂದ ತೀರ್ಮಾನಿಸು. ನಮಗೆ ಇಲ್ಲಿ ಉಪಯೋಗ ಆಗುವುದು ಆ ಮೂರು ನಾಲ್ಕು ದಿನದ ಮಾತು. ಒಂದೇ ಸಂಜೆ ಕೂತು ಬರೆದರೆ ಆ ಸಂಜೆಯ ಮನಸ್ಥಿತಿಯಷ್ಟೇ ಹಾಳೆಗೆ ಬರುತ್ತದೆ.

ನಾನು ಅದಕ್ಕೆ ಇನ್ನೊಂದು ಕಾಲಂ ಸೇರಿಸುತ್ತೇನೆ. ಇದರಿಂದ ಹಿಂದೆ ಸರಿಯಬಹುದಾ? ತೋಟ ಗುತ್ತಿಗೆ ಕೊಟ್ಟರೆ ಮುಂದೆ ಬಿಡಿಸಿಕೊಳ್ಳಬಹುದು, ಮಾರಿದರೆ ಮುಗಿಯಿತು. ಕೆಲಸ ಬಿಟ್ಟವರಿಗೆ ಒಂದು ವರ್ಷದೊಳಗೆ ಮತ್ತೆ ಸಿಗಬಹುದು, ಐದು ವರ್ಷ ಕಳೆದರೆ ಕಷ್ಟ. ಬಾಡಿಗೆ ಮನೆ ಖಾಲಿ ಮಾಡಬಹುದು, ಇಪ್ಪತ್ತು ವರ್ಷದ ಗೃಹಸಾಲ ಹಾಗಲ್ಲ. ಮಗು ಆದಮೇಲೆ ಶಾಲೆಯ ಪ್ರಶ್ನೆ ಬರುತ್ತದೆ. ಅಪ್ಪನ ವಯಸ್ಸಂತೂ ಹಿಂದೆ ಹೋಗುವುದಿಲ್ಲ. ಹಿಂದೆ ಸರಿಯಬಹುದಾದ ಹೆಜ್ಜೆಗೆ ಜಾಸ್ತಿ ಯೋಚನೆ ಬೇಡ, ಇಟ್ಟು ನೋಡಿ. ಸರಿಯಲಾಗದ್ದಕ್ಕೆ ಮಾತ್ರ ಒಂದು ಪೂರ್ತಿ ಮಳೆಗಾಲ ಕೊಡಿ.

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಪಶ್ಚಾತ್ತಾಪದ ಬಗ್ಗೆ ಅಧ್ಯಯನ ಮಾಡಿದರು. ಸದ್ಯದಲ್ಲಿ ಜನರನ್ನು ಹೆಚ್ಚು ಚುಚ್ಚುವುದು ಮಾಡಿದ ತಪ್ಪು. ಆದರೆ ಇಡೀ ಬದುಕನ್ನು ತಿರುಗಿ ನೋಡುವಾಗ ಹೆಚ್ಚು ಕಾಡುವುದು ಮಾಡದೇ ಬಿಟ್ಟದ್ದು. ಇದನ್ನು ಓದಿ "ಹಾಗಾದರೆ ಊರಿಗೆ ಹೋಗಿಬಿಡೋಣ" ಎಂದು ಅರ್ಥ ಮಾಡಿಕೊಳ್ಳಬೇಡಿ. ಬೆಂಗಳೂರಲ್ಲಿ ಗಟ್ಟಿಯಾಗಿ ಬೇರೂರುವುದು ಕೂಡ ಕೆಲವರು ಮಾಡದೇ ಬಿಟ್ಟ ಕೆಲಸವೇ.

ಇನ್ನೊಂದು ಮಾತು ಹೇಳದೇ ಇರಲಾಗುವುದಿಲ್ಲ. ಸೂಪಾ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ ಯೋಜನೆ, ಇವಕ್ಕಾಗಿ ನಮ್ಮದೇ ಜಿಲ್ಲೆಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದು ಹೋದವು. ಇರ್ತೀರಾ, ಹೋಗ್ತೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ನಮ್ಮನ್ನು ಕೇಳುತ್ತಿದ್ದಾರೆ. ಉತ್ತರ ಕೊಡುವ ಅವಕಾಶ ಕೈಯಲ್ಲಿರುವಾಗ ಅದನ್ನು ಬಳಸದೇ ಕಳೆಯುವುದು ನನಗೆ ತುಂಬಾ ಬೇಸರದ ಸಂಗತಿ.

ಈ ವರ್ಷ ಮಾಡಬಹುದಾದದ್ದು

ಕಂಪನಿ ಒಪ್ಪಿದರೆ ಜೂನ್‌ನಿಂದ ಆಗಸ್ಟ್‌ವರೆಗೆ ಊರಿಂದ ಕೆಲಸ ಮಾಡಿ. ಒಪ್ಪದಿದ್ದರೆ ಹಬ್ಬಕ್ಕೆಂದು ಉಳಿಸಿಟ್ಟ ರಜೆಯನ್ನು ಜುಲೈಯಲ್ಲಿ ಖರ್ಚು ಮಾಡಿ. ಮದುವೆಯಾಗಿದ್ದರೆ ಇಬ್ಬರೂ ಬನ್ನಿ, ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ, ಬರೆದು ಮುಗಿಸುವವರೆಗೆ ಒಬ್ಬರದ್ದನ್ನು ಒಬ್ಬರು ನೋಡಬೇಡಿ.

ಕೆಲಸ ಬಿಡುವುದೇ ಎಂದಾದರೆ ಅದಕ್ಕೂ ಮೊದಲು ಸ್ವಂತ ಆರೋಗ್ಯ ವಿಮೆ ಮಾಡಿಸಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಹೊಸ ವಿಮೆಯಲ್ಲಿ ಕಾಯುವ ಅವಧಿ ಇರುತ್ತದೆ. 2024ರ ನಿಯಮದ ಪ್ರಕಾರ ಅದು ಹೆಚ್ಚೆಂದರೆ 3 ವರ್ಷ. ಅಪ್ಪ ಅಮ್ಮನಿಗೂ ಆಗಲೇ ಮಾಡಿಸಿಬಿಡಿ. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇಡಿ. ತೋಟಕ್ಕೆ ಎಷ್ಟೇ ಅಗತ್ಯ ಬಿದ್ದರೂ ಅದಕ್ಕೆ ಕೈಹಾಕಬೇಡಿ.

ಉತ್ತರ ಹೇಳುವ ದಿನವನ್ನೂ ಗೊತ್ತುಮಾಡಿಕೊಳ್ಳಿ. ಕೊನೆಕೊಯ್ಲು (ಅಡಿಕೆ ಕೊಯ್ಲು) ಶುರುವಾಗುವ ಮೊದಲು ಅಂತ ಇಟ್ಟುಕೊಂಡರೆ ಅನುಕೂಲ. ಮುಂದಿನ ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂಬುದು ಗೊತ್ತಾದರೆ ಆಳುಗಳಿಗೆ, ಗುತ್ತಿಗೆ ಹಿಡಿಯುವವರಿಗೆ ಹೇಳಲು ಅಪ್ಪನಿಗೂ ಸಮಯ ಸಿಗುತ್ತದೆ. ಆ ತಾರೀಕನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿಬಿಡಿ. ಅವಳು ಮರೆಯುವುದಿಲ್ಲ.